ಓಬವ್ವನ ಕಿಂಡಿಗೆ ಯಾವ ಕನ್ಸೋಲ್? ಹಳೆಯ ಯಂತ್ರಕ್ಕೆ ಆಟ, ಹಾಡು ಬರೆಯಹೊರಟವರಿಗೆ

ನಮ್ಮ ಓಣಿಗೆ ಮೊದಲ ‘ವಿಡಿಯೋ ಗೇಮ್’ ಬಂದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇಸಿಗೆ ರಜೆ, ಒಂದು ಪರಾತ ಮಂಡಕ್ಕಿ, ಎರಡು ರಿಮೋಟು, ಆರು ಹುಡುಗರು. ಕ್ಯಾಸೆಟ್ಟನ್ನು ಊದಿ ಸಿಕ್ಕಿಸಿದರೆ ಟಿವಿಯಲ್ಲಿ ಹಾಡು ಶುರುವಾಗುತ್ತಿತ್ತು. ಆ ಪೆಟ್ಟಿಗೆ 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಅದಕ್ಕೆ ಮನೆಯಲ್ಲೇ ಕೂತು ಹೊಸ ಆಟ ಬರೆಯಬಹುದು, ಅದರ ಸದ್ದಿನ ಚಿಪ್‌ನಿಂದ ಡೊಳ್ಳು ನುಡಿಸಬಹುದು ಎಂಬುದನ್ನಂತೂ ಯಾರೂ ನೆನೆಸಿರಲಿಲ್ಲ. ಈಗ ಏಳೆಂಟು ವರ್ಷಗಳಿಂದ ಸಂಜೆ ಹೊತ್ತು ನಾನು ಮಾಡುತ್ತಿರುವುದು ಅದನ್ನೇ.

ಈ ಹವ್ಯಾಸಕ್ಕೆ ಕೈ ಹಾಕುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ಕನ್ಸೋಲ್‌ನಿಂದ ಶುರು ಮಾಡಲಿ? ಅಂತರ್ಜಾಲದಲ್ಲಿ ಹುಡುಕಿದರೆ ಮೆಗಾಹರ್ಟ್ಸ್, ಕಿಲೋಬೈಟ್, ಬಣ್ಣಗಳ ಲೆಕ್ಕ ಬೇಕಾದಷ್ಟು ಸಿಗುತ್ತದೆ. ಆದರೆ ಯಂತ್ರಗಳನ್ನು ಒಂದರ ಪಕ್ಕ ಒಂದಿಟ್ಟು ಅಳೆದರೆ ಏನೂ ತೀರ್ಮಾನವಾಗುವುದಿಲ್ಲ ಎಂಬುದು ನನ್ನ ಅನುಭವ. ಒಂದು ಚಿಕ್ಕ ಆಟವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಅದು ಹೇಗೆ ಕೇಳಿಸಬೇಕು, ಕೊನೆಗೆ ಯಾರ ಕೈಯಲ್ಲಿ, ಯಾವ ಪರದೆಯ ಮೇಲೆ ಓಡಬೇಕು ಎಂಬುದನ್ನು ನಿರ್ಧರಿಸಿ. ಆಮೇಲೆ ಅದೇ ಆಟವನ್ನು ಒಂದೊಂದು ಯಂತ್ರದೊಳಕ್ಕೂ ಹೊಗಿಸಿ ನೋಡಿ.

ನಾನು ಹೊಗಿಸಿ ನೋಡಿದ್ದು ಒನಕೆ ಓಬವ್ವನ ಆಟ. ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಹೋದವರೆಲ್ಲ ಆ ಕಿಂಡಿಯ ಮುಂದೆ ಬಗ್ಗಿ ನೋಡಿರುತ್ತೀರಿ. ಒಂದೇ ಪರದೆ: ಬಂಡೆ, ನಡುವೆ ಕಿಂಡಿ, ತೆವಳಿಕೊಂಡು ಒಬ್ಬೊಬ್ಬರಾಗಿ ಒಳಬರುವ ಹೈದರಾಲಿಯ ಸೈನಿಕರು, ಪಕ್ಕದಲ್ಲಿ ಒನಕೆ ಎತ್ತಿ ನಿಂತ ಓಬವ್ವ. ಹಿನ್ನೆಲೆಗೆ ಡೊಳ್ಳು. ಅವಳ ಗಂಡ ಕಹಳೆ ಊದುವ ಕಾವಲುಗಾರನಾಗಿದ್ದ ಎನ್ನುತ್ತಾರಲ್ಲ, ಕೊನೆಯಲ್ಲಿ ಆ ಕಹಳೆಯೂ ಮೊಳಗಬೇಕು. ಇಷ್ಟೇ ಆಟ. ಆದರೂ ಮೂರು ಯಂತ್ರಗಳು ಇದಕ್ಕೆ ಮೂರು ಬೇರೆ ಬೇರೆ ಉತ್ತರ ಕೊಟ್ಟವು.

ಮೂರು ಯಂತ್ರ ಎಂದರೆ ಫ್ಯಾಮಿಕಾಮ್ (ಹೊರದೇಶಗಳಲ್ಲಿ ಎನ್‌ಇಎಸ್ ಎಂದು ಹೆಸರಾದದ್ದು ಇದೇ), ಕೈಯಲ್ಲೇ ಹಿಡಿದು ಆಡುವ 1989ರ ಗೇಮ್ ಬಾಯ್, 1988ರ ಸೆಗಾ ಮೆಗಾ ಡ್ರೈವ್. ಉಳಿದವನ್ನು ಕೊನೆಯಲ್ಲಿ ಮುಟ್ಟಿ ಹೋಗುತ್ತೇನೆ.

ಸಾಲಿನಲ್ಲಿ ಎಷ್ಟು ಸೈನಿಕರು?

ಫ್ಯಾಮಿಕಾಮ್ ಪರದೆಯ ಮೇಲೆ ಒಟ್ಟು 64 ಸ್ಪ್ರೈಟ್ (ಹಿನ್ನೆಲೆಯ ಮೇಲೆ ಬೇಕಾದಲ್ಲಿ ಓಡಾಡಿಸಬಹುದಾದ ಚಿಕ್ಕ ಚಿತ್ರ) ಇಡಬಹುದು. ಕೇಳಲು ಧಾರಾಳ. ಕಟ್ಟುನಿಟ್ಟು ಇರುವುದು ಬೇರೆ ಕಡೆ: ಒಂದು ಅಡ್ಡಗೆರೆಯಲ್ಲಿ 8ಕ್ಕಿಂತ ಹೆಚ್ಚು ಸ್ಪ್ರೈಟ್ ಕಾಣುವುದಿಲ್ಲ. ಒಂದು ಸ್ಪ್ರೈಟಿನ ಅಗಲ 8 ಪಿಕ್ಸೆಲ್. ಓಬವ್ವನ ಮೈಗೆ ಎರಡು, ಬೀಸಿದ ಒನಕೆಗೆ ಎರಡು. ಉಳಿದ ನಾಲ್ಕರಲ್ಲಿ 16 ಪಿಕ್ಸೆಲ್ ಅಗಲದ ಇಬ್ಬರು ಸೈನಿಕರು. ಮೂರನೆಯವನು ಬಂದರೆ ಯಾರೋ ಒಬ್ಬರು ಮಾಯವಾಗಬೇಕು. ಪ್ರತಿ ಫ್ರೇಮಿಗೂ, ಅಂದರೆ ಪರದೆ ಒಮ್ಮೆ ಚಿತ್ರ ಗೀಚಿದಾಗಲೆಲ್ಲ, ಸ್ಪ್ರೈಟ್‌ಗಳ ಸರದಿ ಬದಲಿಸಿ ‘ಎಲ್ಲರೂ ಸ್ವಲ್ಪ ಸ್ವಲ್ಪ ಮಿನುಗಲಿ’ ಎಂದು ಮಾಡುವುದು ಹಳೆಯ ಉಪಾಯ. ನಾವು ಚಿಕ್ಕಂದಿನಲ್ಲಿ ಟಿವಿ ಕೆಟ್ಟಿದೆ ಅಂದುಕೊಂಡು ತಲೆಗೆ ತಟ್ಟುತ್ತಿದ್ದೆವಲ್ಲ, ಆ ಮಿನುಗು ಇದೇ.

ಗೇಮ್ ಬಾಯ್‌ನಲ್ಲಿ ಒಟ್ಟು ಸ್ಪ್ರೈಟ್ 40, ಆದರೆ ಸಾಲಿಗೆ 10. ಹಾಗಾಗಿ ಮೂವರು ಸೈನಿಕರು ಸಲೀಸಾಗಿ ಹಿಡಿಸುತ್ತಾರೆ. ಪರದೆ 160×144 ಮಾತ್ರ, ಬಣ್ಣವಿಲ್ಲ, ನಾಲ್ಕು ಛಾಯೆ. ಇದನ್ನು ಕೊರತೆ ಎಂದು ಎಣಿಸಿದ್ದೆ. ಕಿಂಡಿಯ ಚಿತ್ರ ಬಿಡಿಸಲು ಕೂತ ಮೇಲೆ ಅಭಿಪ್ರಾಯ ಬದಲಾಯಿತು. ಬಂಡೆ, ಕತ್ತಲು, ಕತ್ತಲಿನಿಂದ ಹೊರಬರುವ ಒಂದು ತಲೆ, ಇದಕ್ಕೆ ನಾಲ್ಕು ಛಾಯೆ ಸಾಕು. ಫ್ಯಾಮಿಕಾಮ್‌ನಲ್ಲಿ ಬಣ್ಣವಿದ್ದರೂ ಹಿನ್ನೆಲೆಯ ಪ್ರತಿ 16×16 ಚೌಕಕ್ಕೆ ಒಂದೇ ಬಣ್ಣದ ಗುಂಪು ಸಿಗುವುದು. ನಮ್ಮ ದುರ್ಗದ ಬಂಡೆಗಳ ಓರೆಕೋರೆ ಅಂಚನ್ನು ಆ ಚೌಕಗಳಿಗೆ ಹೊಂದಿಸುವಷ್ಟರಲ್ಲಿ ವಾರ ಕಳೆಯಿತು.

ಮೆಗಾ ಡ್ರೈವ್‌ನಲ್ಲಿ ಈ ತಾಪತ್ರಯವೇ ಇಲ್ಲ. ಒಂದೊಂದು ಸ್ಪ್ರೈಟ್ 32×32ರವರೆಗೆ ಇರಬಹುದು, 320 ಪಿಕ್ಸೆಲ್ ಅಗಲದ ಪರದೆಯಲ್ಲಿ ಸಾಲಿಗೆ 20, ಒಟ್ಟು 80. ಇಡೀ ದಂಡನ್ನೇ ನಿಲ್ಲಿಸಬಹುದು. ನಿಲ್ಲಿಸಿದೆ ಕೂಡ. ಆಗ ಆಟ ಕಿಂಡಿಯ ಆಟವಾಗಿ ಉಳಿಯಲಿಲ್ಲ, ಮತ್ತೆ ಒಬ್ಬೊಬ್ಬರನ್ನೇ ಬಿಡುವಂತೆ ತಿದ್ದಿದೆ.

ಕನ್ನಡ ಎಲ್ಲಿ ಹಿಡಿಸುತ್ತದೆ?

ಇಂಗ್ಲಿಷಿನಲ್ಲಿ ನಾನು ಓದಿದ ಯಾವ ಮಾರ್ಗದರ್ಶಿಯೂ ಈ ಪ್ರಶ್ನೆ ಎತ್ತುವುದಿಲ್ಲ. ನಮಗೆ ಮಾತ್ರ ಇದು ಮೊದಲ ದಿನವೇ ಎದುರಾಗುತ್ತದೆ. ಈ ಯಂತ್ರಗಳಿಗೆ ಲಿಪಿ ಗೊತ್ತಿಲ್ಲ, ಅಕ್ಷರವೂ ಒಂದು ಚಿತ್ರ. ಚಿತ್ರದ ಘಟಕ 8×8ರ ಟೈಲ್. ರೋಮನ್ ಅಕ್ಷರ ಒಂದು ಟೈಲಿನಲ್ಲಿ ಕೂರುತ್ತದೆ. ಕನ್ನಡದ ‘ಣ್ಣೆ’ಯನ್ನು ಅಷ್ಟರಲ್ಲಿ ಕೂರಿಸಿ ನೋಡಿ! ಗುಣಿತವೂ ಒತ್ತೂ ಓದಿಸಿಕೊಳ್ಳಬೇಕಾದರೆ 16×16 ಬೇಕು, ಅಂದರೆ ಅಕ್ಷರಕ್ಕೆ ನಾಲ್ಕು ಟೈಲ್. ‘ದಾವಣಗೆರೆ’ ಐದು ಚೌಕಗಳಲ್ಲಿ ಮುಗಿಯುತ್ತದೆ. ‘ಚಿತ್ರದುರ್ಗ’ದಲ್ಲಿ ಅಕ್ಷರ ನಾಲ್ಕೇ ಆದರೂ ಅರ್ಕಾವತ್ತು ಪಕ್ಕಕ್ಕೆ ಚಾಚುವುದರಿಂದ ಕೊನೆಯದಕ್ಕೆ ನಾನು 24 ಪಿಕ್ಸೆಲ್ ಅಗಲ ಕೊಡಬೇಕಾಯಿತು.

ಈಗ ಲೆಕ್ಕ ಹಾಕಿ. ಫ್ಯಾಮಿಕಾಮ್‌ನಲ್ಲಿ ಹಿನ್ನೆಲೆಗೆ ಒಮ್ಮೆಗೆ ಸಿಗುವುದು 256 ಟೈಲ್. ಬಂಡೆಗೆ ಒಂದನ್ನೂ ಕೊಡದಿದ್ದರೆ 64 ಅಕ್ಷರ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಬಿಡಿಸಿಡುವ ಮಾತೇ ಇಲ್ಲ. ಹಾಗಾಗಿ ನಾನು ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದುಕೊಂಡೆ. ಆಟದಲ್ಲಿ ಬರುವ ಮಾತುಗಳನ್ನು ಅದಕ್ಕೆ ಕೊಟ್ಟರೆ ಬಳಕೆಯಾದ ಅಕ್ಷರಗಳನ್ನಷ್ಟೇ ಆರಿಸಿ, ಟೈಲ್ ಮಾಡಿ, ಒಂದರಂತೇ ಇರುವ ತುಣುಕುಗಳನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ. ತಲೆಕಟ್ಟಿನ ತುಣುಕುಗಳು ಮತ್ತೆ ಮತ್ತೆ ಬರುವುದರಿಂದ ಸಾಕಷ್ಟು ಜಾಗ ಉಳಿಯುತ್ತದೆ. ಮಾತು ಚಿಕ್ಕದಾಗಿದ್ದರೆ ಚೊಕ್ಕವಾಗಿ ನಡೆಯುತ್ತದೆ.

ಗೇಮ್ ಬಾಯ್‌ನಲ್ಲಿ ಸ್ಪ್ರೈಟ್‌ಗೂ ಹಿನ್ನೆಲೆಗೂ ಸೇರಿ 384 ಟೈಲ್, ಸಾಲಿಗೆ ಹತ್ತೇ ಅಕ್ಷರ. ಗಾದೆ, ಒಗಟು ಹಿಡಿಸುತ್ತವೆ. ಕಥೆ ಹೇಳಹೊರಟರೆ ಆಟಗಾರ ಗುಂಡಿ ಒತ್ತಿ ಒತ್ತಿ ಸೋಲುತ್ತಾನೆ. ಮೆಗಾ ಡ್ರೈವ್‌ನಲ್ಲಿ 64 ಕಿಲೋಬೈಟ್ ಚಿತ್ರಸ್ಮೃತಿ ಇದೆ. ನಕ್ಷೆಗಳಿಗೆ ಜಾಗ ಬಿಟ್ಟ ಮೇಲೂ ಸಾವಿರಕ್ಕೂ ಮಿಕ್ಕಿ ಟೈಲ್ ಉಳಿಯುತ್ತವೆ, ಸಾಲಿಗೆ ಇಪ್ಪತ್ತು ಅಕ್ಷರ. ನಿಮ್ಮ ಆಟದಲ್ಲಿ ಪಾತ್ರಗಳು ಕನ್ನಡದಲ್ಲಿ ಪುಟಗಟ್ಟಲೆ ಮಾತಾಡಬೇಕೆಂದಿದ್ದರೆ ಇನ್ನು ಮುಂದೆ ಯೋಚಿಸುವುದೇ ಬೇಡ, ಮೆಗಾ ಡ್ರೈವ್ ಹಿಡಿಯಿರಿ.

ಸದ್ದು

ನನ್ನ ಮಟ್ಟಿಗೆ ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಇಲ್ಲಿ.

ಫ್ಯಾಮಿಕಾಮ್‌ನಲ್ಲಿ ಐದು ಚಾನೆಲ್: ಎರಡು ಚೌಕ ಅಲೆ, ಒಂದು ತ್ರಿಕೋನ ಅಲೆ, ಒಂದು ಗದ್ದಲ, ಒಂದು ಮುದ್ರಿತ ಸದ್ದಿನ ತುಣುಕು. ತ್ರಿಕೋನಕ್ಕೆ ದನಿ ಏರಿಸುವ ಇಳಿಸುವ ವ್ಯವಸ್ಥೆಯೇ ಇಲ್ಲ, ನುಡಿದರೆ ಪೂರ್ತಿ, ಇಲ್ಲದಿದ್ದರೆ ಮೌನ. ಅದರಿಂದ ಒಳ್ಳೆಯ ಡೊಳ್ಳು ಬರುತ್ತದೆ ಎಂದರೆ ಮೊದಮೊದಲು ಯಾರೂ ನಂಬುವುದಿಲ್ಲ. ತ್ರಿಕೋನದ ಸ್ವರವನ್ನು ನಾಲ್ಕೈದು ಫ್ರೇಮಿನೊಳಗೆ ಸರ್ರನೆ ಕೆಳಕ್ಕೆ ಜಾರಿಸಿ ನಿಲ್ಲಿಸಿ. ಜೊತೆಗೆ ಗದ್ದಲದ ಚಾನೆಲ್‌ನಲ್ಲಿ ಒಂದೆರಡು ಫ್ರೇಮ್ ಚಟ್ ಎನ್ನಿಸಿ. ಒಂದು ಚರ್ಮದ ಹೊಟ್ಟೆ, ಇನ್ನೊಂದು ಕೋಲು. ಎರಡೂ ಸೇರಿದಾಗ ಎದೆಗೆ ತಾಗುತ್ತದೆ. ನಿಜವಾದ ಡೊಳ್ಳನ್ನೇ ಮುದ್ರಿಸಿ ಐದನೇ ಚಾನೆಲ್‌ಗೆ ಹಾಕಲೂಬಹುದು. ಆದರೆ ಮೂಲ ಜಪಾನೀ ಚಿಪ್‌ನಲ್ಲಿ ಆ ಚಾನೆಲ್ ನುಡಿಯುತ್ತಿರುವಾಗ ರಿಮೋಟಿನ ಗುಂಡಿ ಓದುವುದು ಆಗಾಗ ತಪ್ಪುತ್ತದೆ. ಎರಡು ಸಲ ಓದಿ, ಎರಡೂ ಒಂದೇ ಬಂದರೆ ಮಾತ್ರ ನಂಬುವಂತೆ ಬರೆಯಬೇಕು.

ಕಹಳೆ ಬೇರೆಯೇ ಕಥೆ. 25 ಶೇಕಡಾ ಚೌಕ ಅಲೆಯಲ್ಲಿ (ಒಂದು ಸುತ್ತಿನ ಕಾಲು ಭಾಗ ಮಾತ್ರ ಮೇಲಿರುವ ಅಲೆ) ಕಹಳೆಯ ಬಿರುಸು ಬರುತ್ತದೆ. ಕಹಳೆಯವನು ಸ್ವರದಿಂದ ಸ್ವರಕ್ಕೆ ಜಾರಿಸಿ ಏರಿಸುವಂತೆ ಮಾಡಹೋದಾಗ ಮಧ್ಯೆ ‘ಟಿಕ್’ ಎಂಬ ಸದ್ದು ಕೇಳಿತು. ಕಾರಣ ಹುಡುಕಲು ಮೂರು ರಾತ್ರಿ ಬೇಕಾಯಿತು. ಸ್ವರದ ಒಂದೊಂದು ಅಲೆ ಎಷ್ಟು ಹೊತ್ತಿನದು ಎಂದು ಹೇಳುವ ಅಂಕಿಯನ್ನು ಎರಡು ತುಂಡಾಗಿ ಬರೆಯಬೇಕು. ಮೇಲಿನ ತುಂಡನ್ನು ಮುಟ್ಟಿದಾಗಲೆಲ್ಲ ಅಲೆ ಮೊದಲಿನಿಂದ ಶುರುವಾಗುತ್ತದೆ. ಆ ಗಡಿ ಬರುವುದು 218 ಮತ್ತು 436 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಹಾಡು ಹೆಚ್ಚಾಗಿ ಓಡಾಡುವ ಜಾಗದಲ್ಲೇ! ಸ್ವರವನ್ನು ತಾನಾಗೇ ಜಾರಿಸುವ ಸ್ವೀಪ್ ಘಟಕವನ್ನು ಬಳಸಿ ಗಡಿ ದಾಟುವ ಉಪಾಯವೊಂದಿದೆ. ಫ್ಯಾಮಿಸ್ಟುಡಿಯೋ ಎಂಬ ಉಚಿತ ಸಂಗೀತ ತಂತ್ರಾಂಶದ ಎಂಜಿನ್‌ನಲ್ಲಿ (ಆಟದೊಳಗೆ ಹಾಡು ನುಡಿಸುವ ಭಾಗ) ಅದನ್ನು ಆಯ್ಕೆಯಾಗಿಯೇ ಕೊಟ್ಟಿದ್ದಾರೆ.

ಟಿಕ್ ಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಆ ಅಂಕಿ ಒಂದು ಬದಲಾದರೆ ಸ್ವರ ಒಂದು ಮೆಟ್ಟಿಲು ಸರಿಯುತ್ತದೆ. 440 ಹರ್ಟ್ಸ್ ಬಳಿ ಈ ಮೆಟ್ಟಿಲು ಸುಮಾರು 7 ಸೆಂಟ್, ಅಂದರೆ ಅರ್ಧಸ್ವರದ ನೂರರಲ್ಲಿ ಏಳು ಪಾಲು. ಕಿವಿಗೆ ನಯವಾಗೇ ಕೇಳುತ್ತದೆ. ಎರಡು ಸ್ಥಾಯಿ ಮೇಲೆ 1760 ಹರ್ಟ್ಸ್‌ಗೆ ಹೋದರೆ ಅದೇ ಮೆಟ್ಟಿಲು 27 ಸೆಂಟ್ ಆಗುತ್ತದೆ. ಅಲ್ಲಿ ಗಮಕ ಎಳೆದರೆ ಏಣಿ ಹತ್ತಿದ ಹಾಗೆ ಕೇಳಿಸುತ್ತದೆ. ಗೇಮ್ ಬಾಯ್‌ನದೂ ಹೆಚ್ಚುಕಮ್ಮಿ ಇದೇ ಕಥೆ: ಕೆಳಗೆ 6, ಮೇಲೆ 23.

ಮೆಗಾ ಡ್ರೈವ್‌ನ ಯಮಹಾ ವೈಎಂ2612 ಚಿಪ್‌ನಲ್ಲಿ ಸ್ಥಾಯಿಗೇ ಬೇರೆ ಅಂಕಿ, ಸ್ವರಕ್ಕೇ ಬೇರೆ ಅಂಕಿ. ಹಾಗಾಗಿ ಮೆಟ್ಟಿಲಿನ ಎತ್ತರ ಎಲ್ಲ ಸ್ಥಾಯಿಯಲ್ಲೂ ಒಂದೇ, 3 ಸೆಂಟ್‌ಗಿಂತ ಕಡಿಮೆ. ನಮ್ಮ ಸಂಗೀತದ ಎಳೆತ, ಕಂಪನ, ಜಾರು ಬೇಕೆನ್ನುವವರಿಗೆ ಈ ಮೂರರಲ್ಲಿ ಇದರ ಸಮ ಇನ್ನೊಂದಿಲ್ಲ. ಆರು ಎಫ್‌ಎಂ ಚಾನೆಲ್ (ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ದನಿ ಹುಟ್ಟಿಸುವ ಬಗೆ), ಒಂದೊಂದರಲ್ಲಿ ನಾಲ್ಕು ಆಂದೋಲಕ, ಅವನ್ನು ಜೋಡಿಸುವ ಎಂಟು ಬಗೆ. ಆರನೆಯದನ್ನು ಮುದ್ರಿತ ಸದ್ದಿಗೆ ಬಿಟ್ಟರೆ ನಿಜವಾದ ಡೊಳ್ಳು, ತಮಟೆ ಎರಡನ್ನೂ ಹಾಕಬಹುದು. ಇವುಗಳ ಜೊತೆಗೆ ಹಳೆಯ ಶೈಲಿಯ ಮೂರು ಚೌಕ ಅಲೆ, ಒಂದು ಗದ್ದಲ ಬೇರೆ ಇವೆ. ಬೆಲೆ ತೆರಬೇಕಾದ್ದು ಸಮಯದಲ್ಲಿ. ಒಂದು ವಾದ್ಯವನ್ನು ಹದಕ್ಕೆ ತರಲು ಹತ್ತಾರು ಅಂಕಿ ತಿದ್ದಬೇಕು, ಒಂದನ್ನು ಮುಟ್ಟಿದರೆ ಇಡೀ ದನಿ ಬದಲಾಗುತ್ತದೆ. ಬೆಣ್ಣೆ ದೋಸೆಯ ಕಾವಲಿ ಹದವಾಗುವುದಕ್ಕೆ ಕಾಯುವಂಥ ತಾಳ್ಮೆ ಬೇಕು.

ಗೇಮ್ ಬಾಯ್‌ನಲ್ಲಿ ನಾಲ್ಕು ಚಾನೆಲ್. ಅದರಲ್ಲಿ ಒಂದು ಬಹಳ ಚೆಂದದ್ದು: 32 ಬಿಂದುಗಳ ಅಲೆಯನ್ನು ನೀವೇ ಕೈಯಾರೆ ಬಿಡಿಸಬಹುದು. ಒಂದೊಂದು ಬಿಂದುವಿಗೆ 16 ಎತ್ತರ. ಶಹನಾಯಿಯ ಮೂಗುದನಿಗೆ ಹತ್ತಿರದ ಆಕಾರ ಹುಡುಕುತ್ತಾ ಒಂದು ಭಾನುವಾರ ಪೂರ್ತಿ ಕಳೆದದ್ದು ನನಗೆ ಇನ್ನೂ ಖುಷಿಯ ನೆನಪು. ಹೆಡ್‌ಫೋನ್ ಹಾಕಿದರೆ ಎಡ, ಬಲ ಬೇರೆ ಬೇರೆ ಕೇಳಿಸುತ್ತದೆ, ಫ್ಯಾಮಿಕಾಮ್‌ನಲ್ಲಿ ಅದಿಲ್ಲ. ತೊಡಕೆಂದರೆ ಚೌಕ ಅಲೆಯ ದನಿಯನ್ನು ನಡುವೆ ಮೆಲ್ಲಗೆ ತಗ್ಗಿಸುವುದು ಕಷ್ಟ, ಹೊಸ ಮಟ್ಟ ಹಿಡಿಯಬೇಕಾದರೆ ಸ್ವರವನ್ನು ಮತ್ತೆ ಮೀಟಬೇಕು.

ಐವತ್ತು, ಅರವತ್ತು

ಫ್ಯಾಮಿಕಾಮ್ ಆರಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಡೊಳ್ಳಿನ ಹಾಡನ್ನು ನಾನು ಲ್ಯಾಪ್‌ಟಾಪಿನ ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ತಿಂಗಳುಗಟ್ಟಲೆ ತಿದ್ದಿ, ಅಕ್ಕನ ಮನೆಯಲ್ಲಿದ್ದ ಹಳೆಯ ನಕಲು ಪೆಟ್ಟಿಗೆಗೆ ಹಾಕಿದೆ. ಅಕ್ಕನ ಮಗ ಎರಡು ನಿಮಿಷ ಕೇಳಿ, “ಮಾಮ, ಹಾಡು ಯಾಕೋ ಎಳದಂಗೆ ಐತಲ್ಲ” ಅಂದ. ಅವನ ಮಾತು ಸರಿಯಾಗಿತ್ತು. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಗೀಚುತ್ತವೆ, ಪಾಲ್ ಎಂಬ ಪ್ರಸಾರ ಪದ್ಧತಿಯ ನಮ್ಮ ಟಿವಿಗಳು 50 ಸಲ. ಹಾಡಿನ ಎಂಜಿನ್ ಫ್ರೇಮಿಗೊಮ್ಮೆ ಓಡುವುದರಿಂದ ನಿಮಿಷಕ್ಕೆ 150 ಪೆಟ್ಟಿನ ಹಾಡು 125ಕ್ಕೆ ಇಳಿದಿತ್ತು. ಡೊಳ್ಳು ಕುಣಿತಕ್ಕೆ ಅದು ಸಾವಿನ ನಡಿಗೆ.

ಶ್ರುತಿ ಮಾತ್ರ ಹೆಚ್ಚು ಕೆಡಲಿಲ್ಲ, ಅದಕ್ಕೂ ಕಾರಣವಿದೆ. ಯುರೋಪಿನ ಅಸಲಿ ಪಾಲ್ ಯಂತ್ರದ ಪ್ರೊಸೆಸರ್ 1.66 ಮೆಗಾಹರ್ಟ್ಸ್, ಅದರಲ್ಲಿ ಹಾಡು ಅರ್ಧಸ್ವರಕ್ಕೂ ಹೆಚ್ಚು ಕೆಳಗಿಳಿಯುತ್ತದೆ. ಪಾಲ್ ಟಿವಿಗೆಂದು ಮಾಡಿದ ನಕಲು ಯಂತ್ರಗಳದ್ದು 1.77, ಜಪಾನಿನ 1.79ಕ್ಕೆ ತೀರಾ ಹತ್ತಿರ. ವ್ಯತ್ಯಾಸ ಬರೀ 16 ಸೆಂಟ್. ಆದರೆ ಎಷ್ಟೋ ನಕಲು ಚಿಪ್‌ಗಳಲ್ಲಿ ಚೌಕ ಅಲೆಯ 25 ಮತ್ತು 50 ಶೇಕಡಾ ಅದಲುಬದಲಾಗಿರುತ್ತವೆ. ನನ್ನ ಬಿರುಸಿನ ಕಹಳೆ ಆ ಪೆಟ್ಟಿಗೆಯಲ್ಲಿ ಕೊಳಲಿನ ಹಾಗೆ ಮೆತ್ತಗೆ ಬಂತು. ಮೆಸೆನ್ ಎಮ್ಯುಲೇಟರ್‌ನಲ್ಲಿ ಇಂಥ ಪಾಲ್ ನಕಲು ಯಂತ್ರಗಳಿಗೆಂದೇ ‘ಡೆಂಡಿ’ ಎಂಬ ಪ್ರದೇಶದ ಆಯ್ಕೆಯೂ, ಈ ಅದಲುಬದಲಿನ ಆಯ್ಕೆಯೂ ಇವೆ. ನಮ್ಮ ಕಡೆಯ ಪೆಟ್ಟಿಗೆಗೆ ಬರೆಯುವವರು ಮೊದಲ ದಿನದಿಂದಲೇ ಎರಡೂ ಬಗೆಯಲ್ಲಿ ಕೇಳಿ ನೋಡುತ್ತಾ ಹೋಗಿ.

ಮೆಗಾ ಡ್ರೈವ್‌ಗೂ 50, 60ರ ಜಂಜಾಟ ಇದೆ. ಆದರೆ ಯಾವ ಯಂತ್ರ ಎಂಬುದನ್ನು ಆಟವೇ ಕೇಳಿ ತಿಳಿದುಕೊಂಡು ವೇಗ ಹೊಂದಿಸಬಹುದು. ಗೇಮ್ ಬಾಯ್‌ಗೆ ಟಿವಿಯ ಹಂಗೇ ಇಲ್ಲ: ತನ್ನದೇ ಪರದೆ, ಜಗತ್ತಿನೆಲ್ಲೆಡೆ ಸೆಕೆಂಡಿಗೆ 59.7 ಫ್ರೇಮ್.

ಸಲಕರಣೆ, ಭಾಷೆ

ಮೂರಕ್ಕೂ ಸಿ ಭಾಷೆಯಲ್ಲಿ ಬರೆಯಬಹುದು, ಮೂರರ ಸಲಕರಣೆಗಳೂ ಉಚಿತ. ಅನುಭವ ಮಾತ್ರ ಒಂದೇ ತೆರನಲ್ಲ. ಮೆಗಾ ಡ್ರೈವ್‌ಗೆ ಎಸ್‌ಜಿಡಿಕೆ ಇದೆ. 68000 ಪ್ರೊಸೆಸರ್‌ಗೆ ಗುಣಾಕಾರ ಗೊತ್ತು, 64 ಕಿಲೋಬೈಟ್ ಸ್ಮೃತಿ ಇದೆ, ಕಾಲೇಜಿನಲ್ಲಿ ಕಲಿತ ಸಿ ಹೆಚ್ಚುಕಮ್ಮಿ ಹಾಗೇ ನಡೆಯುತ್ತದೆ. ಫ್ಯಾಮಿಕಾಮ್‌ಗೆ ಸಿಸಿ65. ಅಲ್ಲಿ ಸ್ಮೃತಿ 2 ಕಿಲೋಬೈಟ್, ಅದರ 6502 ಬಗೆಯ ಪ್ರೊಸೆಸರ್‌ನಲ್ಲಿ ಮೂರೇ ಮುಖ್ಯ ರಿಜಿಸ್ಟರ್ (ಲೆಕ್ಕಕ್ಕೆ ಅಂಕಿ ಇಟ್ಟುಕೊಳ್ಳುವ ಖಾನೆ). ಸ್ಥಳೀಯ ಚರಗಳನ್ನು ಧಾರಾಳವಾಗಿ ಬಳಸಿದರೆ ಆಟ ತೆವಳುತ್ತದೆ. ಎಲ್ಲವನ್ನೂ ಜಾಗತಿಕ ಚರ ಮಾಡಿ, ಬಿಗಿಯಾದ ಭಾಗಗಳನ್ನು ಅಸೆಂಬ್ಲಿಯಲ್ಲಿ, ಅಂದರೆ ಪ್ರೊಸೆಸರ್‌ನ ಆಜ್ಞೆಗಳನ್ನೇ ನೇರವಾಗಿ ಒಂದೊಂದಾಗಿ ಕೊಡುವ ಭಾಷೆಯಲ್ಲಿ, ಬರೆಯಬೇಕಾಗುತ್ತದೆ. ಒಂದು ವರ್ಷದೊಳಗೆ ಅಸೆಂಬ್ಲಿ ಕಲಿಯಲೇಬೇಕಾದೀತು ಎಂದು ತಿಳಿದೇ ಹೆಜ್ಜೆ ಇಡಿ.

ಪಾಲಿಟೆಕ್ನಿಕ್‌ನಲ್ಲೋ ಎಂಜಿನಿಯರಿಂಗ್‌ನಲ್ಲೋ 8085 ಪ್ರೊಸೆಸರ್‌ನ ಕಿಟ್ ಮೇಲೆ ಕೈಯಾಡಿಸಿದವರಿಗೆ ಗೇಮ್ ಬಾಯ್ ತವರುಮನೆ. ಅದೇ ಎ, ಬಿ, ಸಿ, ಡಿ, ಇ, ಎಚ್, ಎಲ್ ರಿಜಿಸ್ಟರ್‌ಗಳು. ಆರ್‌ಜಿಬಿಡಿಎಸ್ ಎಂಬ ಅಸೆಂಬ್ಲರ್ ತೆರೆದ ಮೊದಲ ಸಂಜೆಯೇ ಪರಿಚಿತರ ಮನೆಗೆ ಹೋದಂತಾಗುತ್ತದೆ. ಸಿ ಬೇಕೆಂದರೆ ಜಿಬಿಡಿಕೆ, ಹಾಡಿಗೆ ಹ್ಯೂಜ್‌ಟ್ರ್ಯಾಕರ್. ಪ್ರೋಗ್ರಾಮಿಂಗ್ ಗೊತ್ತೇ ಇಲ್ಲದವರಿಗೆ ಜಿಬಿ ಸ್ಟುಡಿಯೋ ಇದೆ. ಚಿತ್ರ ಎಳೆದಿಟ್ಟು, ಘಟನೆಗಳನ್ನು ಜೋಡಿಸುತ್ತಾ ಹೋದರೆ ಆಟ ಸಿದ್ಧ, ಹಾಡು ಬರೆಯುವ ಜಾಗವೂ ಅದರೊಳಗೇ ಇದೆ. ಅದರ ಸಂಭಾಷಣೆ ಪೆಟ್ಟಿಗೆ ನಮ್ಮ ಒತ್ತಕ್ಷರಗಳನ್ನು ಜೋಡಿಸಿಕೊಡುವುದಿಲ್ಲ. ಕನ್ನಡವನ್ನು ಹಿನ್ನೆಲೆಯ ಚಿತ್ರದಲ್ಲೇ ಬಿಡಿಸಿಡಬೇಕು.

ಸಂಗೀತವಷ್ಟೇ ಸಾಕು, ಆಟ ಬೇಡ ಎನ್ನುವವರಿಗೆ ಫರ್ನೇಸ್ ಎಂಬ ಉಚಿತ ಟ್ರ್ಯಾಕರ್ (ಸ್ವರಗಳನ್ನು ಸಾಲುಸಾಲಾಗಿ ಬರೆದು ಹಾಡು ಕಟ್ಟುವ ತಂತ್ರಾಂಶ) ಹೇಳುತ್ತೇನೆ. ಮೂರೂ ಯಂತ್ರಗಳ ಚಿಪ್ ಅದರಲ್ಲಿವೆ. ಒಂದೇ ರಾಗವನ್ನು ಮೂರರಲ್ಲೂ ಬರೆದು ಕೇಳಿ. ಯಾವ ಯಂತ್ರ ನಿಮ್ಮದು ಎಂಬುದನ್ನು ಕಿವಿ ಹೇಳುತ್ತದೆ.

ಉಳಿದವು: ಸೂಪರ್ ಫ್ಯಾಮಿಕಾಮ್‌ನ ಎಂಟು ಚಾನೆಲ್ ಸದ್ದು ಮನಮೋಹಕ, ಆದರೆ ಸದ್ದಿಗೇ ಪ್ರತ್ಯೇಕ ಪ್ರೊಸೆಸರ್, ಅದಕ್ಕೇ ಬೇರೆ ಅಸೆಂಬ್ಲಿ. ಮೊದಲ ಯಂತ್ರವಾಗಿ ಬೇಡ. ಗೇಮ್ ಬಾಯ್ ಅಡ್ವಾನ್ಸ್ ಸಿ++ ಬಲ್ಲವರಿಗೆ ಹಿತ, ಬುಟಾನೊ ಎಂಬ ಒಳ್ಳೆಯ ಲೈಬ್ರರಿ ಇದೆ. ಪಿಕೊ-8, ಟಿಕ್-80 ಇವು ನಿಜವಾದ ಯಂತ್ರಗಳಲ್ಲ, ಕಲ್ಪಿತ ಕನ್ಸೋಲ್‌ಗಳು. ಶಾಲೆಯ ಮಕ್ಕಳಿಗೆ ರಜೆಯಲ್ಲಿ ಹೇಳಿಕೊಡಲು ಟಿಕ್-80 ಬಲು ಚೆನ್ನ, ಅದು ಉಚಿತವೂ ಹೌದು.

ಯಂತ್ರ ಕೊಳ್ಳುವ ಅವಸರ ಮಾಡಬೇಡಿ. ಮೊದಲ ಆರು ತಿಂಗಳು ಎಮ್ಯುಲೇಟರ್ ಸಾಕು, ಹಳೆಯ ಲ್ಯಾಪ್‌ಟಾಪ್ ಸಾಕು. ಆಮೇಲೆ ನಿಮ್ಮ ಆಟ ತುಂಬಿಕೊಳ್ಳುವ ಫ್ಲ್ಯಾಶ್ ಕ್ಯಾಸೆಟ್ ತರಿಸುವಾಗ ಒಂದು ಎಚ್ಚರ: ನಮ್ಮ ನಕಲು ಪೆಟ್ಟಿಗೆಗಳು ಬಹುತೇಕ 60 ಪಿನ್ನಿನ ಫ್ಯಾಮಿಕಾಮ್ ಕ್ಯಾಸೆಟ್ ತೆಗೆದುಕೊಳ್ಳುವಂಥವು, ಎನ್‌ಇಎಸ್ ಕ್ಯಾಸೆಟ್ 72 ಪಿನ್ನಿನದು. ಪಿನ್ ಎಣಿಸಿಯೇ ದುಡ್ಡು ಕಟ್ಟಿ.

ಒಂದೇ ಉತ್ತರ ಕೊಡಿ ಎಂದರೆ ಗೇಮ್ ಬಾಯ್. ಅದರಲ್ಲಿ ಆಟ ಮುಗಿಯುತ್ತದೆ. ಪರದೆ ಚಿಕ್ಕದು, ನಿರ್ಧಾರಗಳೂ ಕಮ್ಮಿ, ಹಾಡಿನ ವೇಗ ಎಲ್ಲ ಕಡೆ ಒಂದೇ. ಮನೆಯ ಅಟ್ಟದ ಮೇಲೆ ಆ ಹಳೆಯ ಪೆಟ್ಟಿಗೆ ಇನ್ನೂ ಇದ್ದು, ಅದೇ ಟಿವಿಯಲ್ಲಿ ನಿಮ್ಮ ಹೆಸರು ಕನ್ನಡದಲ್ಲಿ ಮೂಡುವುದನ್ನು ನೋಡುವ ಆಸೆ ಇದ್ದವರು ಮಾತ್ರ ನನ್ನ ಮಾತು ಬಿಟ್ಟು ಫ್ಯಾಮಿಕಾಮ್‌ಗೇ ಹೋಗಿ. ಆ ಆಸೆ ಇದ್ದರೆ ಅಸೆಂಬ್ಲಿಯೂ ಭಾರವಾಗುವುದಿಲ್ಲ.

ನನ್ನ ಓಬವ್ವ ಈಗ ಗೇಮ್ ಬಾಯ್‌ನಲ್ಲಿದ್ದಾಳೆ, ಸಾಲಿನಲ್ಲಿ ಮೂವರು ಸೈನಿಕರು. ಅಕ್ಕನ ಮಗ ಹದಿನೇಳನೆಯವನವರೆಗೆ ತಡೆದು ನಿಲ್ಲಿಸಿದ್ದಾನೆ. ಕಹಳೆಯ ಏರಿಕೆಯನ್ನು ಮಾತ್ರ ಮೆಗಾ ಡ್ರೈವ್‌ನಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೇನೆ. ಅದರ ಮೂರನೇ ಆಂದೋಲಕ ಇನ್ನೂ ಹದಕ್ಕೆ ಬಂದಿಲ್ಲ.